ಎರಡು ಹನ್ನೆರಡರ ಸಾಲು

ಕಟಕ್ — ಅದೇ ಸದ್ದು, ಗಟ್ಟಿ ನಿಂಬೆ ಪೆಪ್ಪರ್‌ಮೆಂಟು ಹಲ್ಲಿನ ನಡುವೆ ಒಡೆಯುವ ಸದ್ದು, ಆಮೇಲೆ ಚೂರುಗಳನ್ನು ನಾಲಿಗೆ ಈ ದವಡೆಯಿಂದ ಆ ದವಡೆಗೆ ತಳ್ಳುವ ಒದ್ದೆ ಸದ್ದು, ಹನ್ನೊಂದು ವರ್ಷ ನನ್ನ ಅಡುಗೆಮನೆಯ ರೇಡಿಯೋದಿಂದ ಬರುತ್ತಿದ್ದದ್ದು ಈಗ ಎದುರು ಬೆಂಚಿನಿಂದ, ಆರಡಿ ದೂರದಿಂದ, ಗೊರಗೊರ ಇಲ್ಲದೆ ಬರುತ್ತಿದೆ, ತಲೆ ಎತ್ತಬೇಡ, ನೆಲ ನೋಡು, ನೆಲಕ್ಕೆ ಮೇಣ ಹಾಕಿ ತಿಕ್ಕಿದ್ದಾರೆ, ಅದರ ವಾಸನೆ ಗಂಟಲಿಗೆ ಅಂಟುತ್ತಿದೆ, ಹೊಳೆಯುವ ನೆಲದ ಮೇಲೆ ಅವಳ ಕಪ್ಪು ಬೂಟು, ಬೂಟಿನ ಅಂಚಿನಿಂದ ಉಕ್ಕಿದ ಊದಿದ ಕಾಲು — ಇಷ್ಟು ಚಿಕ್ಕ ಹೆಂಗಸೇ, ದನಿ ಕೇಳಿ ನಾನು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಹೆಂಗಸೇ ಬೇರೆ, ದಪ್ಪ, ಸೋಮಾರಿ, ಕುರ್ಚಿ ತುಂಬ ಹರಡಿಕೊಂಡವಳು, ಈಕೆ ನೋಡಿದರೆ ಬೆಂಚಿನ ತುದಿಯಲ್ಲಿ ಇಸ್ತ್ರಿ ಮಾಡಿದ ಸಮವಸ್ತ್ರದಲ್ಲಿ ಶಾಲೆಯ ಮೊದಲ ದಿನ ಬಂದವಳ ಹಾಗೆ ಕೂತಿದ್ದಾಳೆ, ಎದೆಯ ಮೇಲೆ ಹೆಸರಿನ ಪಟ್ಟಿ, ವಿ. ಟಾಲಿವರ್, ಗೋಡೆ ಗಡಿಯಾರ ಹತ್ತೂ ಹದಿನೇಳು ಅನ್ನುತ್ತಿದೆ, ನನ್ನ ಕೈಗಡಿಯಾರ ಹತ್ತೂ ಹದಿನೆಂಟೂವರೆ, ಗೋಡೆಯದು ತಪ್ಪು, ನನ್ನದನ್ನು ಬೆಳಿಗ್ಗೆ ಸರಿಮಾಡಿಕೊಂಡೇ ಬಂದಿದ್ದೇನೆ, ಹತ್ತೂವರೆಗೆ ವಿಚಾರಣೆ, ಸಾವಿರದ ಒಂಬೈನೂರ ಎಂಬತ್ತಾರು, ಮೇ ಹದಿನೈದು, ಗುರುವಾರ, ಸುರಂಗ ರೈಲಿನ ಕಚೇರಿಯ ನಾಲ್ಕನೇ ಮಹಡಿ — ವಿಷಯ ಇಷ್ಟೇ, ರೈಲು ಪೊಲೀಸ್ ವರ್ನಾ ಟಾಲಿವರ್, ಹತ್ತೊಂಬತ್ತು ವರ್ಷ ನಾಲ್ಕು ತಿಂಗಳ ಸೇವೆ, ಫೆಬ್ರವರಿ ಹನ್ನೊಂದರ ಮಧ್ಯಾಹ್ನ ಎರಡು ಹನ್ನೆರಡರಿಂದ ಎರಡು ಐವತ್ತರವರೆಗೆ ಡ್ರೇ ಸ್ಟ್ರೀಟ್ ನಿಲ್ದಾಣದ ಕಾವಲು ಬಿಟ್ಟು ಹೋಗಿದ್ದಳೇ ಇಲ್ಲವೇ, ಹೋಗಿದ್ದರೆ ಕೆಲಸ ಹೋಯಿತು, ಪಿಂಚಣಿಯೂ ಹೋಯಿತು, ಇಪ್ಪತ್ತು ತುಂಬಲು ಎಂಟೇ ತಿಂಗಳು ಉಳಿದಿತ್ತು, ಆ ಮೂವತ್ತೆಂಟು ನಿಮಿಷದಲ್ಲಿ ಕೆಳಗಿನ ಪ್ಲಾಟ್‌ಫಾರಂ ಬೆಂಚಿನ ಮೇಲೆ ಮಿಲ್ಟನ್ ರೀಸ್ ಅನ್ನುವ ಎಪ್ಪತ್ತೊಂದರ ಮುದುಕ ಮೆದುಳಿನ ನರ ಒಡೆದು ಕೂತಲ್ಲೇ ವಾಲಿದ, ನಿದ್ದೆ ಅಂದುಕೊಂಡು ಜನ ದಾಟಿಹೋದರು, ಎದುರಿಗೇ ಆರು ರೈಲು ಬಂದು ಹೋದವು, ಮರುದಿನ ಆಸ್ಪತ್ರೆಯಲ್ಲಿ ಸತ್ತ, ಅವನ ಮಗಳು ಏಪ್ರಿಲ್‌ನಲ್ಲಿ ದೂರು ಕೊಟ್ಟಳು, ಅಷ್ಟು ಹೊತ್ತಿಗೆ ರೇಡಿಯೋ ಮಾತು ಹಿಡಿದಿಡುವ ಪೊಲೀಸರ ಸ್ವಂತ ಧ್ವನಿಸುರುಳಿಯ ಮೇಲೆ ಎರಡು ಸಲ ಬೇರೆ ದಿನಗಳು ಬಿದ್ದಿದ್ದವು, ಮೂವತ್ತು ದಿನಕ್ಕೊಮ್ಮೆ ಅದೇ ಸುರುಳಿ ಮತ್ತೆ ಹಾಕುತ್ತಾರೆ — ಅವಳು ಎರಡು ಹನ್ನೆರಡಕ್ಕೆ ಹೊರಗೆ ಹೋದಳು ಅನ್ನುವುದಕ್ಕೆ ಇಡೀ ಊರಿನಲ್ಲಿ ಉಳಿದ ಒಂದೇ ದಾಖಲೆ ನನ್ನ ತೊಡೆಯ ಮೇಲಿದೆ, ಹಸಿರು ರಟ್ಟಿನ ಪುಸ್ತಕ, ನನ್ನ ಕೈಬರಹ, ನನ್ನ ಹೆಸರು, ಕಾಜಿಮೀರ್ ವ್ರೋನಾ, ಆ ಪುಟದಲ್ಲಿ ಎಣ್ಣೆ ಕಲೆ.

ಹವ್ಯಾಸ ಅಂದರೆ ಜನ ಅಂಚೆಚೀಟಿ ಅನ್ನುತ್ತಾರೆ, ಮೀನು ಹಿಡಿಯುವುದು ಅನ್ನುತ್ತಾರೆ, ನನ್ನದು ನಾನೂರ ಐವತ್ಮೂರು ಪಾಯಿಂಟ್ ಆರು ಐದು, ರೈಲು ಪೊಲೀಸರ ಫ್ರೀಕ್ವೆನ್ಸಿ, ಅದನ್ನು ಹುಡುಕಿದ್ದೂ ನಾನೇ, ಎಪ್ಪತ್ತೈದರ ಚಳಿಗಾಲದಲ್ಲಿ, ಗುಂಡಿ ತಿರುಗಿಸಿ ತಿರುಗಿಸಿ, ಸತ್ತ ಗಾಳಿಯ ಗೊರಗೊರದ ನಡುವೆ ಒಂದು ಗಂಡಸಿನ ದನಿ ಎಪ್ಪತ್ತೆರಡು, ಹಾರ್ಮನ್ ಸ್ಟ್ರೀಟಿನಲ್ಲಿ ಕುಡುಕ, ಎಪ್ಪತ್ತೆರಡು ಅಂದದ್ದು ಇನ್ನೂ ಕಿವಿಯಲ್ಲಿದೆ, ಅವತ್ತು ನನಗಾದ ಸಂತೋಷ ಬ್ರೋನ್ಯಾಳಿಗೆ ಅರ್ಥವಾಗಲಿಲ್ಲ, ಒಬ್ಬ ಕುಡುಕನಿಗಾಗಿ ಅಷ್ಟು ಕುಣೀತಿದ್ದೀಯ, ನಮ್ಮ ಅಪ್ಪನ್ನ ನೋಡಿದಾಗ ಮಾತ್ರ ಮುಖ ತಿರುಗಿಸ್ತಿದ್ದೆ ಅಂದಳು, ಹೆಂಡತಿಯರಿಗೆ ಎಲ್ಲ ನೆನಪಿರುತ್ತದೆ — ಆಮೇಲೆ ನನ್ನಂಥ ಆಲಿಸುಗರ ಕೂಟ ಸೇರಿ ಒಂದೊಂದೇ ಅಂಕಿ ಬಿಡಿಸಿದೆವು, ಮೊದಲ ಅಂಕಿ ಮಾರ್ಗದ್ದು, ಎರಡನೆಯದು ನದಿ ಕಡೆಯಿಂದ ಎಣಿಸಿದರೆ ಎಷ್ಟನೇ ಕಾವಲು ಅನ್ನುವುದು, ಎಂಬತ್ತರ ಮೇಲಿನವರು ಸಾರ್ಜೆಂಟುಗಳು, ಮೂವತ್ತೊಂದು ಅಂದರೆ ಮೂರನೇ ಮಾರ್ಗದ ಒಂದನೇ ಕಾವಲು, ಡ್ರೇ ಸ್ಟ್ರೀಟ್, ನಮ್ಮ ಕೂಟಕ್ಕೆ ನಿಯಮ ಇತ್ತು, ಯಾವ ಅಂಕಿಯನ್ನೂ ಮೂರು ಬೇರೆ ದಿನ ಮೂರು ಸಲ ಕೇಳದೆ ಪಟ್ಟಿಗೆ ಸೇರಿಸಬಾರದು, ಪತ್ರಿಕೆಯವರಿಗಿಂತ ನಾವು ಕಟ್ಟುನಿಟ್ಟು ಅಂತ ಬೀಗುತ್ತಿದ್ದೆವು, ನೂರ ನಲವತ್ತು ಸದಸ್ಯರು, ತಿಂಗಳಿಗೊಂದು ಸಂಚಿಕೆ, ಅದರ ಪಟ್ಟಿಯಲ್ಲಿ ಹನ್ನೊಂದು ವರ್ಷದಿಂದ ಒಂದೇ ಒಂದು ಪ್ರಶ್ನಾರ್ಥಕ ಚಿಹ್ನೆ, ಕೋಡ್ ಒಂಬತ್ತರ ಮುಂದೆ, ವಿರಾಮ, ಪ್ರಶ್ನಾರ್ಥಕ, ಯಾಕೆಂದರೆ ಗಂಡು ಪೊಲೀಸರು ಅದನ್ನು ವರ್ಷಕ್ಕೊಮ್ಮೆ ಬಳಸಿದರೆ ಹೆಚ್ಚು, ಮೂವತ್ತೊಂದು ಮಾತ್ರ ದಿನವೂ, ಮಧ್ಯಾಹ್ನ ಎರಡು ಹತ್ತರ ಆಸುಪಾಸು, ಮೂವತ್ತೊಂದು, ಒಂಬತ್ತು, ಕಟಕ್, ಹನ್ನೆರಡು ಹದಿನೈದು ನಿಮಿಷ ಬಿಟ್ಟು ಮೂವತ್ತೊಂದು, ಬಂದೆ, ಕಟಕ್ — ನಾವು ಏನೆಲ್ಲ ಊಹಿಸಿದೆವು, ಎಲ್ಲೋ ಒರಗಿ ನಿದ್ದೆ ಹೊಡೆಯುತ್ತಾಳೆ, ಬೇಕರಿಯವನ ಜೊತೆ ಏನೋ ಇದೆ, ಮೇಲಿನ ಬೀದಿಯ ಕುದುರೆ ಜೂಜಿನವನಿಂದ ಲಂಚ ಎತ್ತುತ್ತಾಳೆ, ಕೂಟದ ಅಧ್ಯಕ್ಷ ಮರ್ಲ್ ಕೆಸ್ಲರ್ ಅವಳಿಗೆ ಎರಡು ಹತ್ತರ ಮಹಾರಾಣಿ ಅಂತ ಹೆಸರಿಟ್ಟ, ಸಂಚಿಕೆಯ ಮೂಲೆಯಲ್ಲಿ ಕಿರೀಟ ಹಾಕಿದ ಹೆಂಗಸಿನ ಚಿತ್ರ ಬರೆದು ಕೆಳಗೆ ಆ ತಿಂಗಳು ಮಹಾರಾಣಿಯವರು ಒಟ್ಟು ಎಷ್ಟು ನಿಮಿಷ ಅಂತಃಪುರದಲ್ಲಿದ್ದರು ಅಂತ ಹಾಕುತ್ತಿದ್ದ, ನಿಮಿಷಗಳನ್ನು ಕೊಡುತ್ತಿದ್ದವನು ನಾನು, ನಕ್ಕವನೂ ನಾನು, ನಕ್ಕು ಪುಟ ತಿರುಗಿಸಿ ನನ್ನ ಹೆಸರು ಸರಿಯಾಗಿ ಅಚ್ಚಾಗಿದೆಯೇ ಅಂತ ನೋಡಿದವನು.

ಮರ್ಲ್ ಬಂದ, ದೇವರೇ, ಟೈ ಕಟ್ಟಿಕೊಂಡು ಬಂದಿದ್ದಾನೆ, ಕೆಂಪು ಟೈ, ಅದರ ಮೇಲೆ ಚಿಕ್ಕ ಚಿಕ್ಕ ಆಂಟೆನಾ ಚಿತ್ರ, ಬಾಯಲ್ಲಿ ಕಾಫಿ ವಾಸನೆ, ಬೆಂಚಿನ ಮೇಲೆ ನನ್ನನ್ನು ಒತ್ತಿಕೊಂಡು ಕೂತ, ಏನ್ ಮಾರಾಯ ಕಾಜ್, ಹೆಣ ಕಾಯೋನ ಹಾಗೆ ಮುಖ ಮಾಡಿದ್ದೀಯ, ಇವತ್ತು ನಮ್ಮ ದಿನ ಕಣೋ, ಸರ್ಕಾರದೋರ ಹತ್ರ ಇಲ್ಲದ್ದು ನಮ್ಮ ಹತ್ರ ಇದೆ — ಮೆಲ್ಲಗೆ ಮಾತಾಡು ಅಂದೆ, ಎದುರಿಗೆ ಕೂತವಳು ಯಾರು ಅಂತ ಅವನಿಗೆ ಗೊತ್ತಿಲ್ಲ, ಅವನು ಮೂರನೇ ಮಾರ್ಗ ಕೇಳುವವನಲ್ಲ, ಅವನದು ಬಸ್ಸು, ಇಲಾಖೆಯ ವಕೀಲ ಕೊಯಲ್‌ಗೆ ಫೆಬ್ರವರಿ ಸಂಚಿಕೆಯನ್ನು ತಾನೇ ಕಳಿಸಿದವನು, ಯಾರೂ ಕೇಳಿರಲಿಲ್ಲ, ಪೇಪರಿನಲ್ಲಿ ಸುದ್ದಿ ಓದಿ ತಾನಾಗಿ ಕಳಿಸಿದ, ಲಕೋಟೆಯ ಮೇಲೆ ಕೂಟದ ಮುದ್ರೆ ಒತ್ತಿ — ಮೂಲ ಪುಸ್ತಕ ತಂದಿದ್ದೀಯಲ್ಲ, ತಂದಿದ್ದೇನೆ, ಮರ್ಲ್, ಆ ಸಾಲಿಗೆ ಚುಕ್ಕೆ ಇದೆ ಅಂತ ನಿನಗೆ ಫೋನಿನಲ್ಲೇ ಹೇಳಿದ್ದೆ, ಅವನ ಮುಖ ಅದೇ ಆಗ ಸಣ್ಣಗಾದದ್ದು, ಕಿವಿಯ ಹತ್ತಿರ ಬಾಯಿ ತಂದ, ಕಾಫಿ ವಾಸನೆ, ಚುಕ್ಕೆ ಗಿಕ್ಕೆ ಅಂತ ಬಾಯಿ ಬಿಡಬೇಡ ಕಾಜ್, ಅವರು ಕೇಳಲ್ಲ, ನೀನು ಹೇಳಬೇಡ, ಒಂದು ಚುಕ್ಕೆ ಅಂದ್ರೆ ಎಲ್ಲಾ ಚುಕ್ಕೆ ಲೆಕ್ಕ ಹಾಕ್ತಾರೆ, ಹನ್ನೊಂದು ವರ್ಷದ ಪಟ್ಟಿ ತಿಪ್ಪೆಗೆ ಹೋಗುತ್ತೆ, ಅಲ್ಲ ಅವಳು ದಿನಾ ಹೋಗ್ತಿದ್ದಳೋ ಇಲ್ವೋ, ದಿನಾ ಹೋಗೋಳು ಅವತ್ತೊಂದು ದಿನ ಹೋಗಲಿಲ್ಲ ಅಂತ ಯಾವ ದಡ್ಡ ನಂಬ್ತಾನೆ — ಅವನು ಹೇಳಿದ್ದೇ ನಾನೂ ಅವತ್ತು ಅಂದುಕೊಂಡದ್ದು, ಅಕ್ಷರ ಅಕ್ಷರ ಅದೇ, ಅವನ ಬಾಯಿಂದ ಕೇಳುತ್ತ ಬೆಂಚಿನ ತುದಿಗೆ ಸರಿದೆ.

ಚುಕ್ಕೆ ಕೂಟಕ್ಕೆ ತಂದವನು ನಾನು, ಅದು ನೀರಿನವರ ಪದ್ಧತಿ, ಮೂವತ್ಮೂರು ವರ್ಷ ಊರಿನ ನೀರಿನ ಮೀಟರ್ ಓದಿದ್ದೇನೆ, ಬೆಳಗ್ಗೆ ಆರಕ್ಕೆ ಶುರು, ಒಂದೂವರೆಗೆ ಮನೆ, ನೆಲಮಾಳಿಗೆಯಿಂದ ನೆಲಮಾಳಿಗೆಗೆ, ಕೊಳೆತ ಆಲೂಗಡ್ಡೆ, ಬೆಕ್ಕಿನ ಮೂತ್ರ, ಒಬ್ಬೊಬ್ಬರ ಮನೆಯ ಒಳಗಿನ ವಾಸನೆ ಮೂಗಿಗೆ ಬಾಯಿಪಾಠ, ಬಾಗಿಲು ಹಾಕಿದ್ದರೆ ಹಿಂದಿನ ತಿಂಗಳ ಅಂಕಿ ನೋಡಿ ಅಂದಾಜು ಬರೆದು ಪಕ್ಕಕ್ಕೊಂದು ಚುಕ್ಕೆ, ಚುಕ್ಕೆ ಅಂದರೆ ಓದಿದ್ದಲ್ಲ, ಇದ್ದಿರಬೇಕಾದ್ದು, ಅದರಿಂದ ಯಾರಿಗೂ ನಷ್ಟ ಇಲ್ಲ, ಮುಂದಿನ ತಿಂಗಳು ಬಾಗಿಲು ತೆಗೆದಾಗ ಮೀಟರ್ ತಾನೇ ತಪ್ಪನ್ನು ತಿದ್ದುತ್ತದೆ, ಹರಿದ ನೀರು ಮುಳ್ಳಿನಲ್ಲಿ ನಿಂತಿರುತ್ತದೆ, ಆದರೆ ಗಾಳಿಯಲ್ಲಿ ಹೋದ ಮಾತು ಎಲ್ಲಿ ನಿಲ್ಲುತ್ತದೆ, ಇಷ್ಟು ಸಣ್ಣ ವಿಷಯ ಮೂವತ್ಮೂರು ವರ್ಷ ಅಂಕಿ ಓದಿದವನಿಗೆ ಹೊಳೆಯಲಿಲ್ಲ, ಎದ್ದು ಬಚ್ಚಲಿಗೆ ಹೋದಾಗ, ಫೋನು ಬಂದಾಗ, ತೂಕಡಿಸಿದಾಗ ತಪ್ಪಿದ್ದನ್ನು ತುಂಬಿ ಚುಕ್ಕೆ ಇಟ್ಟೆ, ಪುಸ್ತಕದಲ್ಲಿ ಖಾಲಿ ಸಾಲು ನೋಡಿದರೆ ನನಗೆ ಆಗುತ್ತಿರಲಿಲ್ಲ, ಮರ್ಲ್ ಸಂಚಿಕೆಯ ಮೇಣದ ಹಾಳೆ ಟೈಪ್ ಮಾಡುವಾಗ ಚುಕ್ಕೆ ಹೊಡೆದರೆ ಹಾಳೆ ತೂತಾಗುತ್ತದೆ, ಮಸಿ ಸೋರುತ್ತದೆ ಅಂತ ಅವನ್ನೆಲ್ಲ ಬಿಟ್ಟ, ಬಿಟ್ಟದ್ದು ನನಗೆ ಗೊತ್ತಿತ್ತು, ಅಚ್ಚಿನಲ್ಲಿ ಚುಕ್ಕೆ ಇಲ್ಲದ ಪುಟ ಎಷ್ಟು ಅಚ್ಚುಕಟ್ಟಾಗಿ ಕಾಣುತ್ತಿತ್ತು — ವಿಚಾರಣೆಗೆ ಬಾ ಅಂತ ಕಾಗದ ಬಂದ ಮೇಲೆ ಮೂರು ದಿನ ಕೂತು ಎಣಿಸಿದೆ, ಮೂವತ್ತೊಂದರ ಹೆಸರಲ್ಲಿ ಕೋಡ್ ಒಂಬತ್ತು ಎರಡು ಸಾವಿರದ ನೂರ ನಾಲ್ಕು ಸಲ, ಅದರಲ್ಲಿ ಚುಕ್ಕೆ ಇನ್ನೂರ ಅರವತ್ತೇಳು, ಬ್ರೋನ್ಯಾ ಪಕ್ಕದಲ್ಲಿ ಬಟಾಣಿ ಬಿಡಿಸುತ್ತ, ಎಷ್ಟಾಯ್ತು ಅಂದಳು, ಹೇಳಿದೆ, ಹೂಂ ಅಂದಳು, ಬಟಾಣಿ ಬಿಡಿಸಿದಳು, ಆಮೇಲೆ, ನಾನು ಮೊದಲೇ ಹೇಳಿರಲಿಲ್ವಾ ನಿನಗೆ, ಇದು ಬೇರೆಯವರ ಬಚ್ಚಲ ಬಾಗಿಲಿಗೆ ಕಿವಿ ಕೊಟ್ಟು ಕೂತ ಹಾಗೆ ಅಂತ.

ಹೆರಿಂಗ್ ಮೀನು, ಎಲ್ಲ ಆ ಮೀನಿನಿಂದ, ಇಲ್ಲ, ಮೀನಿನ ಮೇಲೆ ಹಾಕಬೇಡ, ಫೆಬ್ರವರಿ ಹನ್ನೊಂದು, ಉಪವಾಸದ ಕಾಲ ಶುರುವಾಗುವ ಹಿಂದಿನ ಮಂಗಳವಾರ, ನಮ್ಮ ಮನೆಗಳಲ್ಲಿ ಅವತ್ತು ಹೆರಿಂಗ್, ಬ್ರೋನ್ಯಾ ಎರಡು ದಿನ ಉಪ್ಪು ಬಿಡಿಸಿ ಎಣ್ಣೆಯಲ್ಲಿ ಈರುಳ್ಳಿ ಜೊತೆ ಇಟ್ಟಿದ್ದಳು, ಚರ್ಚಿನ ಅಡುಗೆಗೆ ಕೈಜೋಡಿಸಲು ತಾನು ಹೋಗಿ ನನಗೆ ತಟ್ಟೆ ಮುಚ್ಚಿಟ್ಟಿದ್ದಳು, ಎರಡು ಗಂಟೆಗೆ ತಟ್ಟೆ ತೆಗೆದೆ, ಕಪ್ಪು ರೊಟ್ಟಿ, ಮೀನಿನ ಬೆಳ್ಳಿ ಚರ್ಮ, ರೇಡಿಯೋ ಎದುರಿಗೆ, ಪುಸ್ತಕ ಎದುರಿಗೆ, ಎರಡು ಏಳಕ್ಕೆ ಮೂವತ್ಮೂರು ಏನೋ ಕಳೆದುಹೋದ ಕೈಚೀಲದ ವಿಷಯ ಹೇಳಿದ, ಬರೆದೆ, ಎರಡು ಒಂಬತ್ತು ಆಯಿತು, ಈಗ ಬರುತ್ತಾಳೆ ಮಹಾರಾಣಿ, ಈಗ ಆ ದವಡೆ, ಆ ಜೊಲ್ಲು, ಕಟಕ್, ಊಟದ ಹೊತ್ತಿಗೆ ಇವಳ ಬಾಯಿ ಸದ್ದು ಯಾರಿಗೆ ಬೇಕು ಅಂತ ಕೈ ಚಾಚಿ ಗುಂಡಿ ತಿರುಗಿಸಿ ಸದ್ದನ್ನು ಪೂರ್ತಿ ಇಳಿಸಿಬಿಟ್ಟೆ — ಹೌದು, ಕಾಜ್, ಹೇಳಿಕೋ, ಬಚ್ಚಲಿಗೆ ಹೋಗಿರಲಿಲ್ಲ, ಫೋನು ಬಂದಿರಲಿಲ್ಲ, ನಿನ್ನ ಕೈಯಿಂದ ನೀನೇ ಇಳಿಸಿದೆ, ಅವಳು ಅಗಿಯುವುದು ಕೇಳಿದರೆ ಹೇಸಿಗೆ ಅಂತ, ಅಡುಗೆಮನೆ ಮೌನವಾಯಿತು, ಆ ಮೌನದಲ್ಲಿ ನಾನು ಅಗಿದೆ, ನನ್ನ ಹಲ್ಲು, ನನ್ನ ಜೊಲ್ಲು, ಮುಳ್ಳನ್ನು ನಾಲಿಗೆಯಿಂದ ಹೊರಗೆ ತಳ್ಳಿದೆ, ಗಲ್ಲದ ಮೇಲೆ ಎಣ್ಣೆ, ರೊಟ್ಟಿಯಿಂದ ತಟ್ಟೆ ಒರೆಸಿದೆ, ಎರಡು ನಲವತ್ತೈದಕ್ಕೆ ಸದ್ದು ಏರಿಸಿದೆ, ಖಾಲಿ ಸಾಲು ಕಂಡಿತು, ಕೈ ಕೂಡ ತೊಳೆಯದೆ ಎರಡು ಹನ್ನೆರಡು, ಮೂವತ್ತೊಂದು, ಒಂಬತ್ತು, ಹೊರಗೆ, ಅಂತ ಬರೆದೆ, ಪಕ್ಕಕ್ಕೆ ಚುಕ್ಕೆ ಇಟ್ಟೆ, ಬೆರಳು ಎತ್ತಿದಾಗ ಕಲೆ, ಎಷ್ಟು ಒರೆಸಿದರೂ ದೊಡ್ಡದಾಯಿತು, ಎರಡು ಐವತ್ತಕ್ಕೆ ಅವಳ ದನಿ, ಮೂವತ್ತೊಂದು, ಕೆಳಗಿನ ಪ್ಲಾಟ್‌ಫಾರಂ, ಗಂಡಸು ಬಿದ್ದಿದ್ದಾನೆ, ಉಸಿರಿದೆ, ಬೇಗ ಕಳಿಸಿ, ಆ ದನಿಯಲ್ಲಿ ಕಟಕ್ ಇರಲಿಲ್ಲ, ಅದನ್ನು ಗಮನಿಸಿದೆ, ಗಮನಿಸಿ ಬರೆದೆ, ಷರಾ ಕಾಲಂನಲ್ಲಿ, ಮಹಾರಾಣಿಯ ಬಾಯಿ ಖಾಲಿ.

ಸರ್, ನಿಮ್ಮನ್ನೇ ಕೇಳಿದ್ದು, ಒಂದು ತಗೋತೀರಾ — ಎದುರು ಬೆಂಚಿನಿಂದ ಕೈ ಚಾಚಿದ್ದಾಳೆ, ಅಂಗೈಯಲ್ಲಿ ಹಳದಿ ಪೆಪ್ಪರ್‌ಮೆಂಟು, ಮರ್ಲ್ ಯಾವಾಗ ಎದ್ದು ಹೋದ, ಕೊಯಲ್ ಬಂದನೆಂದು ಆ ತುದಿಗೆ ಓಡಿದ್ದಾನೆ, ಬೇಡ ಅನ್ನಬೇಕು, ಕೈ ಮುಂದೆ ಹೋಗಿದೆ, ತಗೊಂಡಾಯಿತು, ಅವಳು ನಗುತ್ತಿದ್ದಾಳೆ, ಮುಂದಿನ ಹಲ್ಲು ಒಂದರ ಅಂಚು ಸವೆದಿದೆ, ಇವನ್ನ ಕಡಿದೂ ಕಡಿದೂ ಹಲ್ಲು ಹೋಯ್ತು ಸರ್, ರಕ್ತದೊತ್ತಡಕ್ಕೆ ನೀರಿನ ಮಾತ್ರೆ ಕೊಟ್ಟಿದ್ದಾರೆ, ಮೈಯ ನೀರೆಲ್ಲ ಹೊರಗೆ ಹಾಕುತ್ತೆ, ಬಾಯಿ ಒಣಗಿ ಹಲಗೆ ಆಗುತ್ತೆ, ಆಮೇಲೆ ನನ್ನ ಮುಖ ಹುಡುಕಿ, ನೀವು ಆ ಕೋಟಿನ ಅಮ್ಮನ ಕಡೆಯೋರಾ ಅಂದಳು, ಆ ಕಣ್ಣು, ನನ್ನ ಮೇಲೆ ಯಾರೂ ಇಷ್ಟು ಆಸೆಯಿಂದ ಕಣ್ಣು ನೆಟ್ಟಿರಲಿಲ್ಲ, ಯಾವ ಕೋಟು ಅಂದೆ, ನನ್ನ ದನಿ ನನಗೇ ಅಪರಿಚಿತ — ಅಯ್ಯೋ ಅಲ್ವಾ, ಯೂನಿಯನ್‌ನೋರು ಆ ಅಮ್ಮ ಬೇಕಾಗಿದ್ದಾಳೆ ಅಂತ ಪೇಪರ್‌ನಲ್ಲಿ ಮೂರು ಸಲ ಹಾಕ್ಸಿದ್ರು, ನಿಲ್ದಾಣದಲ್ಲೂ ಅಂಟಿಸಿದ್ರು, ಅದನ್ನ ನೋಡಿ ಬಂದ್ರೇನೋ ಅಂತ, ಫೆಬ್ರವರಿ ಹನ್ನೊಂದಕ್ಕೆ ಮೇಲಿನ ಉತ್ತರದ ಬಾಗಿಲಲ್ಲಿ, ಗುಮಾಸ್ತ ಕೂರದ ಬಾಗಿಲು ಅದು, ಒಬ್ಬ ವಯಸ್ಸಾದ ಅಮ್ಮ, ತುಪ್ಪಳದ ಕೋಟು, ಅದರ ತೋಳು ತಿರುಗೋ ಗೇಟಿನ ಹಲ್ಲಿಗೆ ಸಿಕ್ಕಿಕೊಂಡು ಅಳ್ತಾ ನಿಂತಿದ್ಳು, ಗಂಡ ಕೊಡಿಸಿದ ಕೋಟಂತೆ, ಹರೀಬೇಡಮ್ಮ ಹರೀಬೇಡ ಅಂತ, ಅರ್ಧ ಗಂಟೆ ಸರ್, ಒಂದೊಂದು ದಾರ ಬಿಚ್ಚಿದೆ, ರೇಡಿಯೋದಲ್ಲಿ ಹೇಳ್ದೆ, ಮೂವತ್ತೊಂದು, ಮೇಲಿನ ಬಾಗಿಲಲ್ಲಿದ್ದೀನಿ, ಮೆಕ್ಯಾನಿಕ್ ಕಳಿಸಿ ಅಂತ, ಎರಡು ಹನ್ನೆರಡೋ ಹದಿಮೂರೋ, ಆಮೇಲೆ ನಾನೇ ಬಿಡಿಸಿದೆ, ಬೇಡ ಅಂದೆ, ರೇಡಿಯೋದ ಆ ಕಡೆ ಕೂತವನಿಗೆ ಈಗ ಒಂದೂ ನೆನಪಿಲ್ಲ, ಸುರುಳಿಯೂ ಇಲ್ಲ, ಹೆಸರು ಕೇಳೋಕೆ ಮೊದಲೇ ಆ ಅಮ್ಮ ನನ್ನ ಕೆನ್ನೆಗೆ ಮುತ್ತು ಕೊಟ್ಟು ಹೋಗ್ಬಿಟ್ಳು.

ನಾನು ಏನಾದರೂ ಹೇಳಬೇಕಿತ್ತು, ಪೆಪ್ಪರ್‌ಮೆಂಟು ಮುಷ್ಟಿಯಲ್ಲಿ ಬೆವರುತ್ತಿದೆ, ಅಂಟುತ್ತಿದೆ, ನಾನು ಕೇಳಿದ್ದೇನು ಗೊತ್ತೇ, ನನಗೆ ನನ್ನ ಮೇಲೆ ಹೇಸಿಗೆ, ಆ ಹೊತ್ತಿಗೂ ಪಟ್ಟಿಯ ಪ್ರಶ್ನಾರ್ಥಕ ಚಿಹ್ನೆಯೇ ಬಾಯಿಗೆ ಬಂತು, ಕೋಡ್ ಒಂಬತ್ತು ಅಂದ್ರೇನು ಅಂದೆ, ಅವಳು ಹುಬ್ಬು ಗಂಟಿಕ್ಕಿದಳು, ಅದು ನಿಮಗೆ ಹೆಂಗೆ ಗೊತ್ತು, ಆಮೇಲೆ ಭುಜ ಕುಣಿಸಿದಳು, ಪೇಪರ್‌ನಲ್ಲಿ ಬಂದಿರಬೇಕು ಬಿಡಿ, ಏನೂ ಇಲ್ಲ ಸರ್, ಶೌಚಾಲಯ, ಡ್ರೇ ಸ್ಟ್ರೀಟಿಂದು ಬೀಗ ಹಾಕಿ ಎಷ್ಟೋ ವರ್ಷ ಆಯ್ತು, ಗಂಡಸ್ರು ಸುರಂಗದ ತುದೀಲಿ ಗೋಡೆ ಹಿಂದೆ ಮುಗಿಸ್ಕೋತಾರೆ, ಅವ್ರಿಗ್ಯಾಕೆ ಕೋಡು, ನಾನು ಮೇಲೆ ಹತ್ತಿ ಬೀದಿ ದಾಟಿ ಬೇಕರಿಗೆ ಹೋಗ್ಬೇಕು, ಬೇಕರಿಯವ್ನು ಪುಣ್ಯಾತ್ಮ, ಕೀಲಿ ಕೊಡ್ತಾನೆ, ನೀರಿನ ಮಾತ್ರೆ ತಿಂದವಳಿಗೆ ತಡೆಯೋಕಾಗುತ್ತಾ, ಅವತ್ತು ಹೋಗಿರಲಿಲ್ಲ ಅಂತ ಒಳಗೆ ಹೆಂಗೆ ತೋರಿಸ್ಲಿ ಹೇಳಿ, ದನಿ ತಗ್ಗಿಸಿದಳು, ಆ ಕೋಟು ಬಿಡಿಸೋ ಹೊತ್ತಿಗೆ, ಅದನ್ನ ನಿಮ್ಮಂಥೋರ ಹತ್ರ ಹೇಳಬಾರದು, ಪ್ಯಾಂಟು ಒಗೆದದ್ದು ನನ್ನ ಮಗಳಿಗೆ ಗೊತ್ತು, ಅವಳನ್ನ ಸಾಕ್ಷಿಗೆ ಕರೀಲಾ — ನಕ್ಕಳು, ಕಟಕ್ — ಎರಡು ಸಾವಿರದ ನೂರ ನಾಲ್ಕು ಸಲ, ನಿಮಿಷ ಸಮೇತ, ಅಚ್ಚು ಹಾಕಿಸಿ, ನೂರ ನಲವತ್ತು ಮನೆಗೆ ಅಂಚೆಯಲ್ಲಿ, ಕಿರೀಟದ ಚಿತ್ರದ ಕೆಳಗೆ, ಒಬ್ಬ ಹೆಂಗಸು ಎಷ್ಟು ಹೊತ್ತು ಉಚ್ಚೆಗೆ ಹೋಗಿದ್ದಳು ಅಂತ, ನೆಲಮಾಳಿಗೆಯ ಬೆಕ್ಕಿನ ಮೂತ್ರಕ್ಕೆ ಮೂಗು ಮುಚ್ಚುತ್ತಿದ್ದವನು, ಪ್ರಶ್ನಾರ್ಥಕ ಹೋಯಿತು, ಪಟ್ಟಿ ಪೂರ್ತಿಯಾಯಿತು, ಅಭಿನಂದನೆ ಕಾಜ್ — ನೀವು ಯಾಕೆ ಬಂದಿದ್ದು ಸರ್ ಅಂದಳು, ನಾನು ಹಸಿರು ಪುಸ್ತಕದ ಮೇಲೆ ಎರಡೂ ಕೈ ಇಟ್ಟು, ಸಾಕ್ಷಿ ಅಂದೆ, ಯಾವುದಕ್ಕೆ ಅಂದಳು, ಬಾಗಿಲು ತೆರೆಯಿತು.

ಉದ್ದ ಮೇಜು, ಮೂವರು, ನಡುವಿನವಳು ಕನ್ನಡಕ ಹಣೆಗೇರಿಸಿಕೊಂಡ ಬಿಳಿಕೂದಲಿನವಳು, ಪ್ರಮಾಣ ಮಾಡಿಸಿದರು, ಬಲಗೈ ಎತ್ತಿ ಅಂದರು, ಬಲಮುಷ್ಟಿಯಲ್ಲಿ ಪೆಪ್ಪರ್‌ಮೆಂಟು, ಎಡಕ್ಕೆ ಬದಲಿಸಿ ಬಲಗೈ ಎತ್ತಿದೆ, ಅಂಗೈ ಮಿರಮಿರ ಅಂಟು, ನೋಡಿದರೋ ಏನೋ, ವರ್ನಾ ಟಾಲಿವರ್ ಯೂನಿಯನ್ ವಕೀಲನ ಪಕ್ಕದಲ್ಲಿ, ಈಗ ಅವಳಿಗೆ ಗೊತ್ತು, ಕೊಯಲ್ ನನ್ನ ಪರಿಚಯ ಹೇಳುತ್ತಿದ್ದಾನೆ, ಅತ್ಯಂತ ನಿಖರ ಆಲಿಸುಗ, ಹನ್ನೊಂದು ವರ್ಷ ಒಂದು ದಿನ ತಪ್ಪಿಸದೆ, ಕೈಗಡಿಯಾರವನ್ನು ದಿನವೂ ಸರಿಮಾಡಿಕೊಳ್ಳುವವರು, ಹಿಂದಿನ ಕುರ್ಚಿಯಲ್ಲಿ ಮರ್ಲ್‌ನ ಟೈ, ಅವಳ ದವಡೆ ನಿಂತಿದೆ, ಹನ್ನೊಂದು ವರ್ಷದಲ್ಲಿ ಎರಡನೇ ಸಲ ಆ ಬಾಯಿ ಖಾಲಿ, ಅವಳು ನನ್ನ ಮುಷ್ಟಿ ನೋಡುತ್ತಿದ್ದಾಳೆ, ಸಿಟ್ಟಿಲ್ಲ ಆ ಮುಖದಲ್ಲಿ, ಸಿಟ್ಟಿದ್ದರೆ ಚೆನ್ನಾಗಿತ್ತು, ಬಚ್ಚಲ ಬಾಗಿಲು ತೆಗೆದಾಗ ಹೊರಗೆ ಯಾರೋ ನಿಂತಿದ್ದದ್ದು ಕಂಡರೆ ಹೆಂಗಸರ ಮುಖ ಹೇಗಾಗುತ್ತದೋ ಹಾಗೆ — ಪುಸ್ತಕ ತೆರೆಯಿರಿ, ಇದು ನಿಮ್ಮ ಕೈಬರಹವೇ, ಹೌದು, ಫೆಬ್ರವರಿ ಹನ್ನೊಂದು, ಎರಡು ಹನ್ನೆರಡರ ಸಾಲು ಓದಿ — ನಾನು ಹಾಳೆಯ ಒಂದೇ ಮಗ್ಗುಲಿಗೆ ಬರೆಯುವವನು, ಎಣ್ಣೆ ಕಲೆ ಒಂದು ಡಾಲರ್ ನಾಣ್ಯದಷ್ಟಿದೆ, ಕಾಗದ ಅಲ್ಲಿ ಗಾಜಾಗಿದೆ, ಗಾಜಿನ ಕೆಳಗೆ ಮುಂದಿನ ಹಾಳೆಯ ಅಂಕಿ ಕಾಣುತ್ತದೆ, ಮರುದಿನದ್ದು, ಬೂದಿ ಬುಧವಾರದ್ದು, ಎರಡು ಹನ್ನೊಂದು, ಮೂವತ್ತೊಂದು, ಒಂಬತ್ತು, ನಿಜವಾಗಿ ಕೇಳಿದ್ದು, ಎರಡೂ ಸಾಲು ಒಂದರ ಮೇಲೊಂದು ಕೂತು ಒಂದೇ ಹಾಗೆ ಕಾಣುತ್ತವೆ, ನಡುವೆ ಚುಕ್ಕೆ — ಓದಿ, ಮಿಸ್ಟರ್ ವ್ರೋನಾ — ಇದು ಕೇಳಿದ್ದಲ್ಲ ಅಂದೆ. ಏನಂದಿರಿ. ಪಕ್ಕದಲ್ಲಿ ಚುಕ್ಕೆ ಇದೆ, ಚುಕ್ಕೆ ಇದ್ದರೆ ಕೇಳಿದ್ದಲ್ಲ, ಇದ್ದಿರಬೇಕು ಅಂತ ನಾನೇ ಬರೆದದ್ದು, ಅಚ್ಚಿನಲ್ಲಿ ಬಿಟ್ಟುಹೋಗಿದೆ, ಹಿಂದೆ ಕುರ್ಚಿ ಕಿರ್ ಅಂದಿತು, ಮರ್ಲ್, ಕೊಯಲ್ ಮುಖ ಬಿಳುಪು, ನೀವು ಆ ಹೊತ್ತಿಗೆ ರೇಡಿಯೋ ಎದುರು ಇರಲಿಲ್ಲವೇ, ಇದ್ದೆ, ರೇಡಿಯೋ ಕೆಟ್ಟಿತ್ತೇ, ಇಲ್ಲ, ಮತ್ತೆ — ಹೇಳು, ಬಚ್ಚಲಿಗೆ ಹೋಗಿದ್ದೆ ಅಂತ ಹೇಳಿ ಮುಗಿಸಬಹುದು, ಫೋನು ಬಂತು ಅನ್ನಬಹುದು, ಯಾರಿಗೆ ಗೊತ್ತಾಗುತ್ತದೆ, ಅವಳಿಗೆ ಆಗಲೂ ಅಷ್ಟೇ ಲಾಭ, ನನಗೆ ನಾಚಿಕೆ ಕಡಿಮೆ — ಮೀನು ತಿನ್ನುತ್ತಿದ್ದೆ, ಆಕೆ ಪೆಪ್ಪರ್‌ಮೆಂಟು ಅಗಿಯುವ ಸದ್ದು ನನಗೆ ಹೇಸಿಗೆ, ಅದಕ್ಕೆ ಸದ್ದನ್ನು ಇಳಿಸಿದ್ದೆ, ಎರಡು ಒಂಬತ್ತರಿಂದ ಎರಡು ನಲವತ್ತೈದರವರೆಗೆ, ಅಷ್ಟರಲ್ಲಿ ಏನು ಹೇಳಿದರೂ ನಾನು ಕೇಳಿಲ್ಲ, ಇದೊಂದೇ ಅಲ್ಲ, ಹೀಗೆ ಇನ್ನೂರ ಅರವತ್ತೇಳು ಇವೆ.

ಬಿಳಿಕೂದಲಿನವಳು ಕನ್ನಡಕ ಇಳಿಸಿ ಪುಸ್ತಕವನ್ನು ತನ್ನ ಕಡೆ ತಿರುಗಿಸಿಕೊಂಡಳು, ಹಾಗಾದರೆ ಈ ಪೊಲೀಸ್ ಹೊರಗೆ ಹೋದರು ಅಂತ ನೀವು ಹೇಳಲಾರಿರಿ, ಇಲ್ಲ, ಹೋಗಲಿಲ್ಲ ಅಂತಲೂ, ಇಲ್ಲ, ಮೇಲಿನ ಬಾಗಿಲಿನಿಂದ ಮೆಕ್ಯಾನಿಕ್ ಕೇಳಿದ್ದೆ ಅಂತ ಅವರು ಹೇಳುತ್ತಾರೆ, ಆ ಹೊತ್ತು ನಿಮ್ಮ ರೇಡಿಯೋದಲ್ಲಿ ಸದ್ದಿದ್ದಿದ್ದರೆ — ಇದ್ದಿದ್ದರೆ ಬರೆದಿರುತ್ತಿದ್ದೆ, ನಿಮಿಷ ಸಮೇತ, ಈ ಸಾಲಿನಲ್ಲಿ, ಚುಕ್ಕೆ ಇಲ್ಲದೆ, ಇವತ್ತು ಅವರ ಪರವಾಗಿ ಇಡೀ ಊರಿನಲ್ಲಿ ಇರುವ ಒಂದೇ ದಾಖಲೆ ಇದಾಗಿರುತ್ತಿತ್ತು — ಹಾಗಂದೆನೇ, ಅಂದಿರಬೇಕು, ಬರೆದುಕೊಳ್ಳುವವಳ ಬೆರಳು ಓಡಿತು, ನಿಂತಿತು, ವರ್ನಾ ಟಾಲಿವರ್ ಕಣ್ಣು ಮುಚ್ಚಿದ್ದಾಳೆ, ಆ ದನಿ ಅವತ್ತು ನನ್ನ ಅಡುಗೆಮನೆಗೆ ಬಂದಿತ್ತು, ಬಂದು ಗುಂಡಿಯ ಹಿಂದೆ ನಿಂತಿತ್ತು, ಮೂವತ್ತೊಂದು, ಮೇಲಿನ ಬಾಗಿಲು, ನಾನು ಮುಳ್ಳು ಉಗುಳುತ್ತಿದ್ದೆ, ಪುಸ್ತಕವನ್ನು ಬಿಳಿಕೂದಲಿನವಳು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದಿದ್ದಾಳೆ, ಎಲ್ಲರೂ ನೋಡುತ್ತಿದ್ದಾರೆ, ಹಾಳೆ ಬೆಳ್ಳಗೆ, ಅಂಕಿಗಳು ಸಾಲುಸಾಲು, ಅದರ ನಡುವೆ ಬೆಳಕು ದಾಟಿಬರುವ ಒಂದೇ ಜಾಗ, ಗುಂಡಗೆ, ಅಂಚಿನಲ್ಲಿ ಹಳದಿ, ಮೀನಿನ ಎಣ್ಣೆ, ಒಳಗೆ ಚುಕ್ಕೆ, ಚುಕ್ಕೆಯ ಸುತ್ತ ಎಣ್ಣೆ, ಎಣ್ಣೆಯ ತುಂಬ ನನ್ನ ಹೆಬ್ಬೆರಳಿನ ಗೆರೆಗಳು, ನಡುವೆ ಚುಕ್ಕೆ —